ಕಷ್ಟ ಬಂದಾಗ ಮುಖಂಡರು ಬಂದು ನಿಂತರೆ ಏನು ಬದಲಾಗುತ್ತದೆ? ತುಂಗಭದ್ರಾ ಕಾಲುವೆಯ ಕೊನೆ ಊರಿನಿಂದ ಒಂದು ಪ್ರಶ್ನೆ

ಪ್ರಶ್ನೆ ಕೇಳಿದವರು: ಮಾನ್ವಿ ಪಂಚಾಯಿತಿ ಸದಸ್ಯೆ

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಜಿಲ್ಲೆ ಮಾನ್ವಿ ತಾಲೂಕಿನ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ನಮ್ಮೂರು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿದೆ. ಮುನಿರಾಬಾದಿನಲ್ಲಿ ಶುರುವಾಗುವ ಈ ಕಾಲುವೆ ಸುಮಾರು 227 ಕಿಲೋಮೀಟರ್ ಉದ್ದ ಇದೆ. ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ನಮ್ಮ ಹತ್ತಿರ ಬರುವ ಹೊತ್ತಿಗೆ ನೀರು ಸೊರಗಿರುತ್ತದೆ. ಬೆಳೆ ಹೊಲದಲ್ಲಿ ಇರುವಾಗ ನಮ್ಮ ಜನ ಬೆಳಗ್ಗೆ ಎದ್ದು ಕೇಳುವ ಮೊದಲ ಮಾತು, "ಮೈಲ್ 69ರಲ್ಲಿ ಗೇಜ್ ಎಷ್ಟಿದೆ?" ಅಂತ. ಗೇಜ್ ಅಂದರೆ ಕಾಲುವೆಯಲ್ಲಿ ನೀರಿನ ಮಟ್ಟ.

ಈ ಸಲ, ಅಂದರೆ 2025-26ರಲ್ಲಿ, ಎರಡನೇ ಬೆಳೆಗೆ ನೀರಿಲ್ಲ ಅಂತ ತೀರ್ಮಾನ ಆಗಿದೆ. ತುಂಗಭದ್ರಾ ಡ್ಯಾಮಿನ 33 ಗೇಟುಗಳನ್ನೂ ಬದಲಿಸಬೇಕು. ನೀರು ಇಳಿಯದೆ ಆ ಕೆಲಸ ಆಗುವುದಿಲ್ಲ. ಗೇಟು ಹಾಕುವುದು ಬೇಡ ಅಂತ ನಮ್ಮಲ್ಲಿ ಯಾರೂ ಹೇಳುತ್ತಿಲ್ಲ. 19ನೇ ಗೇಟು ಕೊಚ್ಚಿಹೋದ ರಾತ್ರಿಯನ್ನು ಇಲ್ಲಿ ಯಾರೂ ಮರೆತಿಲ್ಲ. ಆದರೆ ಒಂದು ಬೆಳೆ ಇಲ್ಲ ಅಂದರೆ ಏನು ಅಂತ ಬೆಂಗಳೂರಿನಲ್ಲಿ ಕೂತು ಊಹಿಸುವುದು ಕಷ್ಟ.

ನಮ್ಮ ವಾರ್ಡಿನಲ್ಲಿ ಭೂಮಿ ಇದ್ದವರಿಗಿಂತ ಇಲ್ಲದವರೇ ಜಾಸ್ತಿ. ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡು ನಾಟಿಗೆ ಹೋಗುತ್ತಾರೆ, ಆಮೇಲೆ ಕಳೆ ತೆಗೆಯಲು ಹೋಗುತ್ತಾರೆ. ಸಂಕ್ರಾಂತಿ ಆಸುಪಾಸಿನ ನಾಟಿ ದುಡ್ಡಿನಲ್ಲೇ ಮನೆಯ ಸಾಲ, ಸಂಘದ ಕಂತು, ಮಕ್ಕಳ ಖರ್ಚು ಎಲ್ಲ ಸಾಗುತ್ತದೆ. ಈ ಸಲ ಆ ಕೂಲಿ ಇಲ್ಲ. ಆಗಲೇ ಕೆಲವರು ಬೆಂಗಳೂರಿಗೆ, ಪುಣೆಗೆ ಗುಳೆ ಹೋಗಲು ಮೇಸ್ತ್ರಿಗಳ ಹತ್ತಿರ ಮುಂಗಡ ತಗೊಂಡಿದ್ದಾರೆ. ರೈತರಿಗೆ ಪರಿಹಾರ ಕೊಡಿ ಅಂತ ಎಲ್ಲ ಪಕ್ಷದವರೂ ಕೇಳುತ್ತಿದ್ದಾರೆ. ಕೇಳಲೇಬೇಕು. ಆದರೆ ನಾಟಿ ಹಾಕುವ ಹೆಣ್ಣುಮಗಳ ಹೆಸರಿನಲ್ಲಿ ಪಹಣಿ ಇಲ್ಲ. ಅವಳ ಬಗ್ಗೆ ಯಾರ ಬಾಯಲ್ಲೂ ಮಾತಿಲ್ಲ.

ಇನ್ನೊಂದು ಚಿಂತೆ ಕುಡಿಯುವ ನೀರಿನದು. ನಮ್ಮ ಕೆರೆ ತುಂಬುವುದು ಕಾಲುವೆಯಿಂದಲೇ. ಬೇಸಿಗೆಗೆ ಅಂತ ಕಾಲುವೆಗೆ ಸ್ವಲ್ಪ ನೀರು ಬಿಟ್ಟಾಗ ಮೇಲಿನ ಊರುಗಳಲ್ಲಿ ಪಂಪ್‌ಸೆಟ್ ಇಟ್ಟು ಎತ್ತಿದರೆ ನಮ್ಮ ಕೆರೆಗೆ ಕೆಸರು ಮಾತ್ರ ಬರುತ್ತದೆ.

ಮೊನ್ನೆ ಒಬ್ಬ ಮುಖಂಡರು ನಮ್ಮ ಹೋಬಳಿಗೆ ಬಂದಿದ್ದರು. ಹೆಸರು ಬೇಡ. ಮೇಲಿನವರು ನಿಮ್ಮ ನೀರು ಕದಿಯುತ್ತಿದ್ದಾರೆ ಅಂತ ಭಾಷಣ ಮಾಡಿದರು. ಜೋರು ಚಪ್ಪಾಳೆ ಬಿತ್ತು. ಅದೇ ವಾರ ಮೇಲಿನ ಊರೊಂದರಲ್ಲಿ ಇನ್ನೊಬ್ಬರು, ಕೆಳಗಿನವರು ಪೊಲೀಸರನ್ನು ಕರೆತಂದು ನಿಮ್ಮ ತೂಬು ಮುಚ್ಚಿಸುತ್ತಾರೆ ಅಂತ ಹೇಳಿದರಂತೆ. ಅಲ್ಲೂ ಚಪ್ಪಾಳೆ ಬಿದ್ದಿರುತ್ತದೆ. ಈಗ ನಮ್ಮ ಹುಡುಗರು ಬೈಕ್ ತಗೊಂಡು ಕಾಲುವೆ ಮೇಲೆ ಹೋಗಿ ಪಂಪ್ ಕಿತ್ತು ಬಿಸಾಕುತ್ತೇವೆ ಅನ್ನುತ್ತಿದ್ದಾರೆ. ಮೇಲಿನ ಊರುಗಳಲ್ಲಿ ನಮ್ಮ ಬೀಗರಿದ್ದಾರೆ. ನಮ್ಮ ಹೆಣ್ಣುಮಕ್ಕಳು ನಾಟಿಗೆ ಹೋಗುವುದೂ ಅವರ ಗದ್ದೆಗೇ.

2024ರ ಆಗಸ್ಟ್‌ನಲ್ಲಿ 19ನೇ ಗೇಟು ಹೋದಾಗ ಹೀಗಿರಲಿಲ್ಲ. ಆ ವಾರ ಗಂಗಾವತಿಯವನೂ ಮಾನ್ವಿಯವನೂ ಒಂದೇ ಸುದ್ದಿಗೆ ಕಾಯುತ್ತಿದ್ದ. ಪಕ್ಷ ಯಾವುದು ಅಂತ ಯಾರೂ ಕೇಳಲಿಲ್ಲ. ಉಪಮುಖ್ಯಮಂತ್ರಿ ಮರುದಿನವೇ ಡ್ಯಾಮಿಗೆ ಬಂದರು, 13ಕ್ಕೆ ಮುಖ್ಯಮಂತ್ರಿ ಬಂದರು, ವಿರೋಧ ಪಕ್ಷದವರು ಬಂದರು, ಆಂಧ್ರದ ಸಚಿವರೂ ಬಂದರು.

ನನಗೆ ತಿಳಿಯಬೇಕಾದ್ದು ಇಷ್ಟು. ಆ ವಾರ ಜನ ಒಂದಾಗಿ ನಿಂತರಲ್ಲ, ಅದು ಮುಖಂಡರು ಮಾಡಿದ ಕೆಲಸದಿಂದಲೋ ಅಥವಾ ಭಯದಿಂದಲೋ? ದೊಡ್ಡವರು ಬಂದು ನಿಂತು ಹೋಗುವುದರಿಂದ ನಿಜವಾಗಿ ಏನು ಆಗುತ್ತದೆ? ನನ್ನಂಥ ವಾರ್ಡ್ ಸದಸ್ಯೆ ಇಂಥ ಹೊತ್ತಿನಲ್ಲಿ ಏನು ಮಾಡಬೇಕು? ಇಂಥ ಕಾಲ ನೋಡಿದವರು, ದಯವಿಟ್ಟು ನೀವು ಕಣ್ಣಾರೆ ಕಂಡದ್ದನ್ನು ಬರೆಯಿರಿ.


ಉತ್ತರ: ಮುನಿರಾಬಾದ್ ನಿವೃತ್ತ ನೌಕರ

ತಂಗಿ, ನಾನು ನೀರಾವರಿ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು. ಆ ವಾರ ನಿವೃತ್ತನಾಗಿದ್ದರೂ ಮನೆಯಲ್ಲಿ ಕೂರಲು ಆಗಲಿಲ್ಲ. ನಿಮ್ಮ ಮೊದಲ ಪ್ರಶ್ನೆಗೆ ನನಗೆ ಕಂಡದ್ದನ್ನು ಹೇಳುತ್ತೇನೆ.

ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಹೋಯಿತು. ಆ ಗೇಟು 60 ಅಡಿ ಅಗಲ, 20 ಅಡಿ ಎತ್ತರ. ಡ್ಯಾಮ್ ತುಂಬಿ ನಿಂತಿತ್ತು, 105 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು). ಆ ಒಂದು ಕಿಂಡಿಯಿಂದಲೇ ಸುಮಾರು 35 ಸಾವಿರ ಕ್ಯೂಸೆಕ್, ಅಂದರೆ ಸೆಕೆಂಡಿಗೆ ಅಷ್ಟು ಘನ ಅಡಿ ನೀರು ನುಗ್ಗುತ್ತಿತ್ತು. ಉಳಿದ ಗೇಟುಗಳ ಮೇಲೆ ಒತ್ತಡ ಕಡಿಮೆ ಆಗಲಿ ಅಂತ ಅವನ್ನೂ ಎತ್ತಬೇಕಾಯಿತು. ಒಟ್ಟು ಲಕ್ಷ ಕ್ಯೂಸೆಕ್ ನದಿಗೆ ಹೋಯಿತು. ಕಣ್ಣೆದುರಿಗೆ ಮೂರು ರಾಜ್ಯದ ಅನ್ನ ಹರಿದುಹೋಗುತ್ತಿತ್ತು.

ಈಗ ಮುಖಂಡರ ಮಾತಿಗೆ ಬರೋಣ. ಡ್ಯಾಮ್ ನೋಡಿಕೊಳ್ಳುವುದು ತುಂಗಭದ್ರಾ ಮಂಡಳಿ. ಅದು ಕೇಂದ್ರದ ಕೈಯಲ್ಲಿದೆ. ಅದರಲ್ಲಿ ಕರ್ನಾಟಕ, ಆಂಧ್ರ, ತೆಲಂಗಾಣ ಮೂರೂ ಇವೆ. ಅಂದರೆ ಯಾರು ಬೇಕಾದರೂ "ಇದು ನನ್ನದಲ್ಲ" ಅನ್ನಬಹುದಿತ್ತು. ಆ ಮಾತು ಬರಲೇ ಇಲ್ಲ ಅಂತ ನಾನು ಹೇಳುವುದಿಲ್ಲ. ಹೊಣೆ ಯಾರದು ಅಂತ ಟೀವಿಯಲ್ಲಿ ಜಗಳ ನಡೆದೇ ಇತ್ತು. ಆದರೆ ಆ ಜಗಳ ಡ್ಯಾಮಿನ ಮೇಲಿನ ಕೆಲಸಕ್ಕೆ ಅಡ್ಡ ಬರಲಿಲ್ಲ. ಇದು ಸಣ್ಣ ಮಾತಲ್ಲ.

ಅವರು ಸರಿಯಾಗಿ ಮಾಡಿದ ಒಂದು ಕೆಲಸ ಅಂದರೆ ಕೆಟ್ಟ ಸುದ್ದಿಯನ್ನು ಮುಚ್ಚಿಡಲಿಲ್ಲ. ಸುಮಾರು 60 ಟಿಎಂಸಿ ಹೊರಗೆ ಬಿಟ್ಟ ಮೇಲೇ ರಿಪೇರಿ ಸಾಧ್ಯ ಆಗಬಹುದು ಅಂತ ಮೊದಲೇ ಹೇಳಿಬಿಟ್ಟರು. ರೈತರಿಗೆ ಅದು ಎದೆಗೆ ಗುದ್ದಿದ ಹಾಗಾಯಿತು. ಆದರೆ ಎಷ್ಟು ಹೋಗಬಹುದು ಅಂತ ಗೊತ್ತಿದ್ದರೆ ಜನ ಗಾಳಿಮಾತಿಗೆ ಕಿವಿ ಕೊಡುವುದಿಲ್ಲ. ಡ್ಯಾಮೇ ಒಡೆಯುತ್ತದೆ ಅಂತ ಫೋನಿನಲ್ಲಿ ಸುದ್ದಿ ಓಡಾಡುತ್ತಿದ್ದಾಗ ಆ ಒಂದು ಲೆಕ್ಕ ಎಷ್ಟೋ ಜನರನ್ನು ಹಿಡಿದು ನಿಲ್ಲಿಸಿತು.

ಇನ್ನೊಂದು, ಗೊತ್ತಿದ್ದವರ ಕೈಗೆ ಕೆಲಸ ಬಿಟ್ಟರು. ಕನ್ನಯ್ಯ ನಾಯ್ಡು ಅವರನ್ನು ಕರೆಸಿದರು. ವಯಸ್ಸು 80ರ ಆಸುಪಾಸು. ಗೇಟುಗಳ ಕೆಲಸದಲ್ಲೇ ಜೀವನ ಕಳೆದವರು. ನೀರು ಹರಿಯುತ್ತಿರುವಾಗಲೇ ಸ್ಟಾಪ್‌ಲಾಗ್ ಇಳಿಸಬಹುದು ಅಂತ ಅವರು ಗಟ್ಟಿಯಾಗಿ ಹೇಳಿದರು. ಐದು ತುಂಡುಗಳಾಗಿ ಮಾಡಿದ ಉಕ್ಕಿನ ಹಲಗೆಗಳು, ಒಂದರ ಮೇಲೊಂದು ಕೂರಬೇಕು. ತೋರಣಗಲ್ಲಿನ ಜಿಂದಾಲ್ ಮತ್ತು ಹೊಸಪೇಟೆ ಕಡೆಯ ವರ್ಕ್‌ಶಾಪಿನವರು ಹಗಲು ರಾತ್ರಿ ಅನ್ನದೆ ಮಾಡಿಕೊಟ್ಟರು. ಅಷ್ಟು ಭೋರ್ಗರೆಯುವ ನೀರಿನ ಮೇಲೆ ಕ್ರೇನಿನಿಂದ ಉಕ್ಕನ್ನು ಇಳಿಸುವಾಗ ಹುಡುಗರು ತುದಿಯಲ್ಲಿ ನಿಂತಿದ್ದರು. ಒಂದೇ ಏಟಿಗೆ ಆಗಲಿಲ್ಲ. 16ಕ್ಕೆ ಮೊದಲ ತುಂಡು ಕೂತಿತು. 17ಕ್ಕೆ ಐದೂ ಕೂತು ನೀರು ನಿಂತಿತು. ಸೆಪ್ಟೆಂಬರ್‌ನಲ್ಲಿ ಡ್ಯಾಮ್ ಮತ್ತೆ ತುಂಬಿತು.

ಮೊದಲ ಪ್ರಯತ್ನ ಕೈಕೊಟ್ಟಾಗ ಯಾರಾದರೂ ಮಂತ್ರಿ ಗದರಿಸಿ ಬೇರೆಯವರನ್ನು ಕರೆಸಿದ್ದರೆ ಕೆಲಸ ಕೆಡುತ್ತಿತ್ತು. ಗದರಿಸಲಿಲ್ಲ, ಕಾದರು. ನನ್ನ ಲೆಕ್ಕದಲ್ಲಿ ಆ ವಾರದ ಮುಖಂಡತ್ವ ಅಂದರೆ ಅದೇ.

ಒಂದು ಹಳೆ ಮಾತು ಸೇರಿಸುತ್ತೇನೆ. ಈ ಡ್ಯಾಮಿಗೆ 1945ರಲ್ಲಿ ಅಡಿಗಲ್ಲು ಹಾಕಿದಾಗ ಈ ದಂಡೆ ಹೈದರಾಬಾದ್ ನಿಜಾಮರದು, ಆ ದಂಡೆ ಮದ್ರಾಸ್ ಪ್ರಾಂತ್ಯದ್ದು. ಎರಡು ಸರ್ಕಾರ, ಎರಡು ಕಡೆಯ ಎಂಜಿನಿಯರುಗಳು. ಮಧ್ಯದಲ್ಲಿ ಸ್ವಾತಂತ್ರ್ಯ ಬಂತು, ಹೈದರಾಬಾದ್ ಸಂಸ್ಥಾನವೇ ಹೋಯಿತು. ಆದರೂ 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಅಷ್ಟು ದೊಡ್ಡ ಗದ್ದಲದ ನಡುವೆ ಕಟ್ಟಿದ ನೀರನ್ನು ಎರಡು ಹೋಬಳಿಯವರು ಹಂಚಿಕೊಳ್ಳಲು ಆಗಲ್ವಾ ತಂಗಿ?


ಉತ್ತರ: ನದಿ ದಂಡೆಯ ಮೇಷ್ಟ್ರು, ರಾಯಚೂರು

ಮುನಿರಾಬಾದಿನ ಅಣ್ಣನವರು ಹೇಳಿದ್ದು ಒಂದು ವಾರದ ಕತೆ. ಒಂದು ವಾರ ಒಗ್ಗಟ್ಟಾಗಿರುವುದು ಸುಲಭ. ನಾನು 2009 ನೋಡಿದವನು.

ಆ ವರ್ಷ ಸೆಪ್ಟೆಂಬರ್ ಕೊನೆಗೆ ಶುರುವಾದ ಮಳೆ ಬಿಡಲೇ ಇಲ್ಲ. ಅಕ್ಟೋಬರ್ 2ರ ಹೊತ್ತಿಗೆ ತುಂಗಭದ್ರೆ, ಕೃಷ್ಣೆ ಎರಡೂ ಊರೊಳಗೆ ಬಂದವು. ನಮ್ಮ ಎದುರು ದಂಡೆಯ ಮಂತ್ರಾಲಯವೇ ಮುಳುಗಿತು. ರಾಜ್ಯದಲ್ಲಿ ಸತ್ತವರ ಸಂಖ್ಯೆ ಇನ್ನೂರು ದಾಟಿತು. ನಮ್ಮ ಶಾಲೆಯ ಕೋಣೆಗಳಲ್ಲಿ ಮೂರು ಊರಿನ ಜನ ಮಲಗಿದ್ದರು. ಜಾತಿ ಕೇಳದೆ ಒಂದೇ ಪಾತ್ರೆಯಲ್ಲಿ ಅನ್ನ ಬೇಯಿಸಿ ತಿಂದದ್ದನ್ನು ನಾನು ನೋಡಿದ್ದೇನೆ. ಮೇಲಿನ ಎತ್ತರದ ಊರಿನವರು ಟ್ರ್ಯಾಕ್ಟರಿನಲ್ಲಿ ರೊಟ್ಟಿ ಗಂಟು ಕಟ್ಟಿ ಕಳಿಸಿದರು. ಆಗ ಯಾವ ಮುಖಂಡರೂ ಇನ್ನೂ ಬಂದಿರಲಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ, ಒಗ್ಗಟ್ಟು ಜನರಲ್ಲಿ ಮೊದಲೇ ಇರುತ್ತದೆ. ಮುಖಂಡರ ಕೆಲಸ ಅದನ್ನು ಕೆಡದಂತೆ ನೋಡಿಕೊಳ್ಳುವುದು.

ಆಮೇಲೆ ಎಲ್ಲರೂ ಬಂದರು. ಪ್ರಧಾನಿ ಮನಮೋಹನ್ ಸಿಂಗ್ ಹೆಲಿಕಾಪ್ಟರಿನಲ್ಲಿ ನೋಡಿ ಹೋಗಿ 1,000 ಕೋಟಿ ರೂಪಾಯಿ ಘೋಷಿಸಿದರು. ಮುಖ್ಯಮಂತ್ರಿ ಯಡಿಯೂರಪ್ಪ ಪಾದಯಾತ್ರೆ ಮಾಡಿ ದೇಣಿಗೆ ಸಂಗ್ರಹಿಸಿದರು. ಕೊಟ್ಟವರೂ ಬಹಳ ಜನ. ಮನೆ ಕಳಕೊಂಡವರಿಗೆ ಆಸರೆ ಯೋಜನೆಯಲ್ಲಿ ಹೊಸ ಊರು ಕಟ್ಟುವ ಮಾತಾಯಿತು. ಆ ದಿನಗಳಲ್ಲಿ ನಮಗೆ ನಿಜವಾಗಿ ಧೈರ್ಯ ಬಂದಿತ್ತು.

ಒಂದು ತಿಂಗಳು ಕಳೆಯಲಿಲ್ಲ. ಅಕ್ಟೋಬರ್ ಕೊನೆಗೆ ಆಡಳಿತ ಪಕ್ಷದಲ್ಲೇ ಬಂಡಾಯ ಎದ್ದಿತು. ನೆರೆ ಪರಿಹಾರಕ್ಕೆ ಅಂತ ಅದಿರು ಲಾರಿಗಳ ಮೇಲೆ ಹಣ ಹಾಕುವ ಪ್ರಸ್ತಾವವೂ ಆ ಜಗಳದ ಒಂದು ಕಾರಣ. ಬಳ್ಳಾರಿಯ ಗಣಿ ಮಾಲೀಕ ಸಚಿವರ ಗುಂಪಿನ ಜೊತೆ ಶಾಸಕರು ಹೈದರಾಬಾದಿನ ರೆಸಾರ್ಟಿಗೆ ಹೋದರು. ನಮ್ಮವರು ಇನ್ನೂ ಶಾಲೆ, ಗಂಜಿ ಕೇಂದ್ರ, ಟೆಂಟುಗಳಲ್ಲಿ ಇದ್ದರು. ಟೀವಿ ತುಂಬ ಸರ್ಕಾರ ಉಳಿಯುತ್ತದೋ ಬೀಳುತ್ತದೋ ಅನ್ನುವುದೇ ಸುದ್ದಿ. ನೆರೆಯ ಸುದ್ದಿ ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ. ಈಗ ನೆನೆಸಿಕೊಂಡರೂ ನನಗೆ ಸಿಟ್ಟು ಬರುತ್ತದೆ. ಪಕ್ಷ ಯಾವುದೇ ಇರಲಿ, ಆ ತಿಂಗಳು ಅದು ಆಗಬಾರದಿತ್ತು.

ಹೊಸ ಊರುಗಳು ಎದ್ದವು, ಸುಳ್ಳು ಹೇಳಬಾರದು. ಆದರೆ ಎಷ್ಟೋ ಕಡೆ ಮನೆ ಹೊಲದಿಂದ ದೂರ. ದನ ಕಟ್ಟಲು ಜಾಗ ಇಲ್ಲ. ಕಾಳು ಇಡಲು ಹಗೇವಿಲ್ಲ. ಮನೆ ಎಲ್ಲಿ ಬೇಕು, ಹೇಗೆ ಬೇಕು ಅಂತ ಆ ಮನೆಯಲ್ಲಿ ಇರಬೇಕಾದವರನ್ನು ಕೂರಿಸಿಕೊಂಡು ಕೇಳಲು ಪುರುಸೊತ್ತು ಯಾರಿಗೂ ಇರಲಿಲ್ಲ. ಹಾಗಾಗಿ ಕೆಲವರು ಹಳೇ ಊರಿಗೇ ವಾಪಸ್ ಬಂದರು.

ತಾಯಿ, ನಿಮ್ಮ ಊರಿಗೆ ಬರುವ ಮುಖಂಡರನ್ನು ಒಂದೇ ಮಾತು ಕೇಳಿ. ಮಾರ್ಚ್‌ನಲ್ಲಿ ಮತ್ತೆ ಯಾವಾಗ ಬರುತ್ತೀರಿ ಅಂತ. ದಿನ ಗೊತ್ತು ಮಾಡಿಸಿ, ಪಂಚಾಯಿತಿ ನಡಾವಳಿಯಲ್ಲಿ ಬರೆಸಿ.


ಉತ್ತರ: ಸಿಂಧನೂರು ಕ್ಯಾಂಪ್ ರೈತ

ಅಕ್ಕಾರೆ, ನಾನು ನೀವು ಹೇಳುವ ಮೇಲಿನವನು. ಬೇಜಾರಿಂದಲೇ ಬರೆಯುತ್ತಿದ್ದೇನೆ.

ಮೇಲಿನವರು ಅಂದ ಕೂಡಲೇ ಕಳ್ಳರು ಅಂತ ಶುರು ಮಾಡುತ್ತಾರೆ. ನಮ್ಮ ತಾತ ಆಂಧ್ರದ ಕಡೆಯಿಂದ ಬಂದು ಇಲ್ಲಿ ಕ್ಯಾಂಪ್ ಹಾಕಿದವರು. ಜಾಲಿ ಕಿತ್ತು, ಎರೆಭೂಮಿ ಮಟ್ಟ ಮಾಡಿ ಗದ್ದೆ ಮಾಡಿದರು. ನಾನು ಹುಟ್ಟಿದ್ದು ಇಲ್ಲೇ, ಕನ್ನಡ ಶಾಲೆಯಲ್ಲೇ ಓದಿದ್ದು. ನಮಗೂ ಈ ಸಲ ಎರಡನೇ ಬೆಳೆ ಇಲ್ಲ. ಎಕರೆಗೆ ಇಷ್ಟು ಅಂತ ಲೀಸಿಗೆ ಹಿಡಿದವರು ನಮ್ಮಲ್ಲಿ ಬಹಳ. ಅವರು ಮಾಲೀಕರಿಗೆ ದುಡ್ಡು ಕಟ್ಟಲೇಬೇಕು. ಪರಿಹಾರ ಬಂದರೂ ಅದು ಪಹಣಿ ಇದ್ದವರ ಖಾತೆಗೆ ಹೋಗುತ್ತದೆ. ನಿಮ್ಮ ನಾಟಿ ಹೆಣ್ಣುಮಕ್ಕಳ ಹಾಗೇ ಇವರೂ ಯಾರ ಲೆಕ್ಕದಲ್ಲೂ ಇಲ್ಲ.

ಆದರೆ ಒಂದು ಸತ್ಯ ನಾನು ಒಪ್ಪಲೇಬೇಕು. ಈ ಕಾಲುವೆ ಪ್ಲಾನ್ ಮಾಡಿದ್ದು ನೆಲ್ಲಿಗೆ, ಅಂದರೆ ಭತ್ತಕ್ಕೆ, ಅಲ್ಲ. ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗೆ, ಜಾಸ್ತಿ ಜನರಿಗೆ ಸ್ವಲ್ಪ ಸ್ವಲ್ಪ ನೀರು ಮುಟ್ಟಲಿ ಅಂತ. ನೆಲ್ಲಿಗೆ ಅಂತ ಇಟ್ಟಿದ್ದು ಸಣ್ಣ ಪಾಲು. ಮೇಲಿನ ಭಾಗದಲ್ಲಿ ನಾವೆಲ್ಲ ನೆಲ್ಲು ಹಚ್ಚಿದೆವು. ಸೋನಾ ಮಸೂರಿಗೆ ರೇಟು ಇತ್ತು, ಗಂಗಾವತಿ, ಸಿಂಧನೂರಲ್ಲಿ ರೈಸ್‌ಮಿಲ್ ಎದ್ದವು. ಅದರ ಹೊರೆ ಬಿದ್ದದ್ದು ನಿಮ್ಮ ಮೇಲೆ. ಅದರ ಜೊತೆಗೆ ಹೂಳು. 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಮ್ ಈಗ 105ಕ್ಕೆ ಇಳಿದಿದೆ. 2025ರ ಮಳೆಗಾಲದಲ್ಲಿ ಗೇಟಿನ ಭಯಕ್ಕೆ 80 ಟಿಎಂಸಿ ಮಟ್ಟಕ್ಕೇ ನಿಲ್ಲಿಸಿದರು. ಇಷ್ಟೆಲ್ಲ ಇರುವಾಗ ಹಂಚಿಕೊಳ್ಳದೆ ದಾರಿ ಇಲ್ಲ.

ನಮ್ಮ ಕಡೆಯ ಯಾವ ಮುಖಂಡರೂ ನಮ್ಮ ಮುಂದೆ ನಿಂತು ಈ ಮಾತು ಹೇಳಿಲ್ಲ. "ಅಣ್ಣಂದಿರೇ, ನೀವು ನೆಲ್ಲು ಕಡಿಮೆ ಮಾಡಬೇಕು, ಕೆಳಗಿನವರಿಗೂ ಪಾಲಿದೆ" ಅಂದರೆ ಓಟು ಹೋಗುತ್ತದೆ ಅಂತ ಹೆದರಿಕೆ. ನಿಮ್ಮ ಕಡೆಯವರೂ ನಿಮ್ಮ ಹುಡುಗರಿಗೆ "ಪಂಪ್ ಕೀಳಬೇಡಿ" ಅಂತ ಹೇಳುವುದಿಲ್ಲ. ಎದುರಿನವರನ್ನು ಬಯ್ಯುವುದಕ್ಕೆ ಧೈರ್ಯ ಬೇಕಾಗಿಲ್ಲ. ತನ್ನ ಊರಿನವರಿಗೆ ಬೇಡವಾದ ಮಾತನ್ನು ಅವರ ಎದುರಿಗೇ ಹೇಳಿ, ಬೈಗಳ ತಿಂದು, ಆದರೂ ಅವರ ನಡುವೆಯೇ ಇರುವವನನ್ನು ನಾನು ಮುಖಂಡ ಅಂತೀನಿ.

ಅಕ್ಕಾರೆ, ನಿಮ್ಮ ಹುಡುಗರು ರಾತ್ರಿ ಬೈಕಿನಲ್ಲಿ ಬರುವುದು ಬೇಡ. ಹಗಲು ನೀವು ಬನ್ನಿ. ಕುಡಿಯುವ ನೀರು ಬಿಡುವ ದಿನಗಳಲ್ಲಿ ಕಾಲುವೆ ಮೇಲೆ ನಮ್ಮೂರಿನ ಇಬ್ಬರು, ನಿಮ್ಮೂರಿನ ಇಬ್ಬರು ಸೇರಿ ಕಾಯೋಣ. ಗ್ಯಾಂಗ್‌ಮನ್‌ಗಳು ಮೊದಲಿನಷ್ಟು ಇಲ್ಲ, ಇದ್ದವರಿಗೆ ನೋಡಿ ಮುಗಿಸಲಾಗದಷ್ಟು ಕಾಲುವೆ. ನಮ್ಮವರಲ್ಲೇ ಯಾರಾದರೂ ಪಂಪ್ ಇಟ್ಟರೆ ನಾನು ಹೇಳುತ್ತೇನೆ. ನೀವು ಹೇಳಿದರೆ ಜಗಳ ಆಗುತ್ತದೆ, ನಾನು ಹೇಳಿದರೆ ಮಾತು ಆಗುತ್ತದೆ.


ಮಾನ್ವಿ ಪಂಚಾಯಿತಿ ಸದಸ್ಯೆ

ಅಣ್ಣಾರೆ, ನಿಮ್ಮ ಮಾತನ್ನು ನಮ್ಮ ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಲೀಸಿನ ರೈತರ ವಿಷಯ ನಾನು ಯೋಚಿಸಿರಲಿಲ್ಲ. ಪರಿಹಾರದ ಮನವಿಯಲ್ಲಿ ನಾಟಿ ಕೂಲಿಯವರ ಜೊತೆ ಅವರ ಹೆಸರನ್ನೂ ಬರೆಸುತ್ತೇನೆ. ನಿಮ್ಮ ಕಡೆಯಿಂದಲೂ ಅದೇ ಮನವಿ ಹೋದರೆ ತೂಕ ಇರುತ್ತದೆ. ಎರಡೂ ಕಡೆಯವರು ಒಂದೇ ಕಾಗದಕ್ಕೆ ಸಹಿ ಹಾಕಿದರೆ ಇನ್ನೂ ಒಳ್ಳೆಯದು.

ಮೇಷ್ಟ್ರೆ, ಮಾರ್ಚ್ ಮಾತು ನನಗೆ ಬಹಳ ಹಿಡಿಸಿತು.


ಉತ್ತರ: ಬಳ್ಳಾರಿ ಸಿಸ್ಟರ್

ನಾನು ನೀರಿನವಳಲ್ಲ, ಆಸ್ಪತ್ರೆಯವಳು. ಆದರೂ ಒಂದು ಮಾತು ಹೇಳಬೇಕು ಅನ್ನಿಸಿತು.

2020ರ ಜೂನ್ ಕೊನೆಗೆ ಬಳ್ಳಾರಿಯ ಒಂದು ವಿಡಿಯೊ ದೇಶವೆಲ್ಲ ಹರಿದಾಡಿತು. ಕೋವಿಡ್‌ನಿಂದ ಸತ್ತವರ ಶವಗಳನ್ನು ಕಿಟ್ ಹಾಕಿಕೊಂಡವರು ಒಂದೇ ಗುಂಡಿಗೆ ಎಸೆಯುತ್ತಿದ್ದದ್ದು. ಸತ್ತವರ ಮನೆಯವರು ಅದನ್ನು ಫೋನಿನಲ್ಲಿ ನೋಡಿದರು. ಅದಕ್ಕಿಂತ ಕೆಟ್ಟದ್ದು ಇನ್ನೇನಿದೆ? ನಾವು ಆ ದಿನಗಳಲ್ಲಿ ಯೂನಿಫಾರ್ಮ್‌ನಲ್ಲಿ ರಸ್ತೆಗೆ ಇಳಿಯಲು ಹಿಂಜರಿಯುತ್ತಿದ್ದೆವು. ಜನರ ಕಣ್ಣಲ್ಲಿ ನಾವೆಲ್ಲ ಒಂದೇ ಆಗಿದ್ದೆವು.

ಆಗ ಜಿಲ್ಲಾಧಿಕಾರಿ ಬಹಿರಂಗವಾಗಿ ಕ್ಷಮೆ ಕೇಳಿದರು. ಸತ್ತವರ ಕುಟುಂಬದವರಿಗೆ ಮತ್ತು ಬಳ್ಳಾರಿಯ ಜನರಿಗೆ. ವಿಡಿಯೊ ಸುಳ್ಳು ಅನ್ನಲಿಲ್ಲ. ಆ ತಂಡವನ್ನು ತೆಗೆದು ಬೇರೆ ತಂಡಕ್ಕೆ ತರಬೇತಿ ಕೊಟ್ಟು ಕಳಿಸುತ್ತೇವೆ ಅಂದರು. ಕ್ಷಮೆಯಿಂದ ಹೋದ ಮರ್ಯಾದೆ ವಾಪಸ್ ಬರುವುದಿಲ್ಲ, ಆ ಮನೆಯವರ ನೋವು ಆರುವುದಿಲ್ಲ. ಆದರೆ ಆ ಒಂದು ಮಾತು ಬಾರದಿದ್ದರೆ ಮುಂದಿನ ತಿಂಗಳುಗಳಲ್ಲಿ ಜನ ರೋಗಿಗಳನ್ನು ಮನೆಯಲ್ಲೇ ಮುಚ್ಚಿಡುತ್ತಿದ್ದರು. ಆಸ್ಪತ್ರೆಗೆ ಬಾ ಅಂದರೆ ಬರುತ್ತಿರಲಿಲ್ಲ. ಇದು ನನ್ನ ವಾರ್ಡಿನ ಅನುಭವದಿಂದ ಹೇಳುತ್ತಿದ್ದೇನೆ.

ಮರುವರ್ಷ ಎರಡನೇ ಅಲೆಯಲ್ಲಿ ಕೊಪ್ಪಳದ ಗವಿಮಠ ತನ್ನ ಕಟ್ಟಡವನ್ನೇ ಕೋವಿಡ್ ಆರೈಕೆಗೆ ಬಿಟ್ಟುಕೊಟ್ಟಿತು. ಹಾಸಿಗೆ ಸಿಗದೆ ಜನ ಊರೂರು ಸುತ್ತುತ್ತಿದ್ದ ಕಾಲ ಅದು. ಅಲ್ಲಿಯ ಸ್ವಾಮೀಜಿ ಅದಕ್ಕೆ ಮುಂಚೆ, 2019ರಲ್ಲಿ, ಹಿರೇಹಳ್ಳದ ಹೂಳು ತೆಗೆಸಲು ತಾವೇ ಹಳ್ಳಕ್ಕೆ ಇಳಿದವರು. ಜನ ಅದನ್ನು ನೋಡಿದ್ದರು. ಅದಕ್ಕೇ 2021ರಲ್ಲಿ ಕರೆದಾಗ ಬಂದರು. 2025ರ ಫೆಬ್ರವರಿಯಲ್ಲಿ ಉಕ್ಕಿನ ಕಾರ್ಖಾನೆ ವಿಸ್ತರಣೆ ಬೇಡ ಅಂತ ಕೊಪ್ಪಳ ಬಂದ್ ಆದಾಗ ಬೇರೆ ಬೇರೆ ಪಕ್ಷದವರು ಒಂದೇ ವೇದಿಕೆ ಹತ್ತಿದ್ದೂ ಅದಕ್ಕೇ ಇರಬೇಕು. ಕಷ್ಟ ಇಲ್ಲದ ದಿನಗಳಲ್ಲಿ ಏನು ಮಾಡಿದ್ದೀರಿ ಅನ್ನುವುದನ್ನು ಜನ ಕಷ್ಟದ ದಿನ ನೆನಪಿಸಿಕೊಳ್ಳುತ್ತಾರೆ.

ಸದಸ್ಯೆ ಅಕ್ಕ, ನಿಮ್ಮ ಕೆರೆಗೆ ನೀರು ಕಡಿಮೆ ಬಂದರೆ ಬೇಸಿಗೆಯಲ್ಲಿ ವಾಂತಿಭೇದಿ ಶುರುವಾಗುತ್ತದೆ. ಆಶಾ ಕಾರ್ಯಕರ್ತೆಯರನ್ನು ಈಗಲೇ ಸಭೆಗೆ ಕರೆಯಿರಿ. ಯಾವ ಮನೆಯಲ್ಲಿ ಗಂಡಸರು ಗುಳೆ ಹೋಗಿ ವಯಸ್ಸಾದವರು, ಸಣ್ಣ ಮಕ್ಕಳು ಉಳಿದಿದ್ದಾರೆ ಅಂತ ಅವರಿಗೆ ಗೊತ್ತಿರುತ್ತದೆ. ಆ ಪಟ್ಟಿ ಯಾವ ಕಚೇರಿಯಲ್ಲೂ ಸಿಗುವುದಿಲ್ಲ.


ಉತ್ತರ: ಪಂಚಾಯಿತಿ ಕೆಲಸ ಬಲ್ಲವನು, ಕೊಪ್ಪಳ

ಮೇಡಂ, ಎರಡು ಕಾಗದದ ವಿಷಯ ಮಾತ್ರ ಹೇಳುತ್ತೇನೆ. ಕೂಲಿ ಕೆಲಸ ಬೇಕು ಅನ್ನುವವರಿಂದ ಉದ್ಯೋಗ ಖಾತರಿಯ ಅರ್ಜಿ ಈಗಲೇ ತುಂಬಿಸಿ, ಸ್ವೀಕೃತಿ ತಗೊಳ್ಳಿ. ಬಾಯಲ್ಲಿ ಕೇಳಿದರೆ ಆಮೇಲೆ ತೋರಿಸಲು ಏನೂ ಇರುವುದಿಲ್ಲ. ಕಾಗದ ಇದ್ದರೆ 15 ದಿನದಲ್ಲಿ ಕೆಲಸ ಕೊಡಬೇಕು. ಕಾಲುವೆಗೆ ನೀರಿಲ್ಲದ ಈ ಕಾಲದಲ್ಲಿ ಹೂಳು ತೆಗೆಯುವುದಕ್ಕೆ ಅವಕಾಶ ಇದೆ. ನಿಮ್ಮ ಕೆರೆಯ ಹೂಳನ್ನೇ ಕ್ರಿಯಾಯೋಜನೆಗೆ ಸೇರಿಸಲು ಕೇಳಿ.

ಇನ್ನೊಂದು, 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. ಕುಡಿಯುವ ನೀರಿನ ಮನವಿಯನ್ನು ಶಾಸಕರ ಕೈಗೆ ಮಾತ್ರ ಕೊಡದೆ ಅಲ್ಲಿಗೂ ಒಂದು ಪ್ರತಿ ಕೊಡಿ. ಎರಡೂ ತಾಲೂಕಿನ ಪಂಚಾಯಿತಿಗಳ ಠರಾವು ಜೊತೆಗಿದ್ದರೆ ಅದನ್ನು ಪಕ್ಕಕ್ಕೆ ಇಡುವುದು ಕಷ್ಟ.


ಮಾನ್ವಿ ಪಂಚಾಯಿತಿ ಸದಸ್ಯೆ

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ಸಂಜೆ ಹನುಮಪ್ಪನ ಗುಡಿ ಕಟ್ಟೆಯಲ್ಲಿ ಜನರನ್ನು ಸೇರಿಸಿದ್ದೆ. ಸಿಂಧನೂರು ಅಣ್ಣನ ಮಾತನ್ನೇ ಮೊದಲು ಓದಿದೆ. ಹುಡುಗರು ಗದ್ದಲ ಮಾಡಿದರು. "ಅವರ ಪರ ಮಾತಾಡುತ್ತೀಯಾ ಅಕ್ಕ, ನಾಳೆ ಓಟು ಕೇಳಲು ಬಾ ನೋಡೋಣ" ಅಂತ ಒಬ್ಬ ಎದ್ದು ನಿಂತ. ನಾನು ಅಲ್ಲೇ ಹೇಳಿದೆ. ಪಂಪ್ ಕೀಳಲು ಯಾರು ಹೋದರೂ ನಾನು ಅವರ ಜೊತೆ ಇಲ್ಲ, ಆದರೆ ಕಾಲುವೆ ಕಾಯಲು ಹೋಗುವುದಾದರೆ ಮೊದಲ ಪಾಳಿ ನನ್ನ ಮನೆಯವರದು ಅಂತ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನಾಟಿ ಗುಂಪಿನ ಮುಖಂಡೆ ಅಜ್ಜಿ ಎದ್ದು, "ಆ ಊರಿನ ಗದ್ದೆಯಲ್ಲಿ ನಾವು ಉಂಡಿದ್ದೇವೆ, ಜಗಳಕ್ಕೆ ನಾವು ಬರುವುದಿಲ್ಲ" ಅಂದರು. ಅಲ್ಲಿಂದ ಮಾತಿನ ದಿಕ್ಕು ಬದಲಾಯಿತು. ಎಲ್ಲರೂ ಒಪ್ಪಿದ್ದಾರೆ ಅಂತ ಹೇಳಲಾರೆ. ಕಾಯಲು ಇಬ್ಬರು ಹೆಸರು ಕೊಟ್ಟಿದ್ದಾರೆ.

ಉದ್ಯೋಗ ಖಾತರಿ ಅರ್ಜಿ ಇವತ್ತಿನಿಂದ ತುಂಬಿಸುತ್ತಿದ್ದೇವೆ. ಆಶಾ ಅಕ್ಕಂದಿರು ನಾಳೆ ಬರುತ್ತಾರೆ. ಭಾಷಣ ಮಾಡಿ ಹೋದ ಮುಖಂಡರಿಗೆ ಫೋನ್ ಮಾಡಿ, ನಮ್ಮ ಎರಡೂ ಊರಿನವರು ಕೂರುವ ಸಭೆಗೆ ಬನ್ನಿ, ಎರಡೂ ಕಡೆಯವರ ಎದುರಿಗೆ ಮಾತಾಡಿ ಅಂತ ಕರೆದಿದ್ದೇನೆ. ಬರುತ್ತೇನೆ ಅಂದಿಲ್ಲ, ಬರಲ್ಲ ಅಂತಲೂ ಅಂದಿಲ್ಲ. ಅವರು ಬಾರದಿದ್ದರೂ ಸಭೆ ನಡೆಯುತ್ತದೆ.

ಸಿಂಧನೂರು ಅಣ್ಣಾರೆ, ನಿಮ್ಮ ಹಿರಿಯರಿಗೆ ಯಾವ ದಿನ ಅನುಕೂಲ? ನಾವು ಹತ್ತು ಜನ ಬರುತ್ತೇವೆ, ಅದರಲ್ಲಿ ಆರು ಜನ ಹೆಣ್ಣುಮಕ್ಕಳು.


ಸಿಂಧನೂರು ಕ್ಯಾಂಪ್ ರೈತ

ಸೋಮವಾರ ಬೇಡ ಅಕ್ಕಾರೆ, ಸಂತೆ ಇರುತ್ತದೆ. ಮಂಗಳವಾರ ಬೆಳಗ್ಗೆ ಬನ್ನಿ, ಊಟ ನಮ್ಮಲ್ಲೇ. ನಮ್ಮ ಕಡೆಯಿಂದ ಲೀಸಿನವರನ್ನೂ ಕರೆಯುತ್ತೇನೆ. ಕಾಲುವೆ ಕಾಯಲು ನಮ್ಮೂರಿನಿಂದ ನಾನೊಬ್ಬ ಆಯಿತು, ಇನ್ನೊಬ್ಬರನ್ನು ಅಷ್ಟರೊಳಗೆ ಒಪ್ಪಿಸಿರುತ್ತೇನೆ. ಮುನಿರಾಬಾದಿನ ಹಿರಿಯರೇ, ನಿಮಗೂ ಬರಲು ಆಗುತ್ತದಾ? ಕೆರೆ ತುಂಬಲು ಎಷ್ಟು ಗೇಜ್ ಎಷ್ಟು ದಿನ ಬೇಕು ಅಂತ ಎರಡೂ ಕಡೆಯವರ ಮುಂದೆ ಲೆಕ್ಕ ಹಾಕಿ ತೋರಿಸುವವರು ಒಬ್ಬರು ಬೇಕು.


ಮುನಿರಾಬಾದ್ ನಿವೃತ್ತ ನೌಕರ

ಬರುತ್ತೇನಪ್ಪ. ಕೆರೆಯ ಉದ್ದ, ಅಗಲ, ಆಳ ಮೊದಲೇ ಅಳೆದು ಕಳಿಸಲು ತಂಗಿಗೆ ಹೇಳು. ಹೂಳು ಎಷ್ಟಿದೆ ಅಂತ ಕೋಲು ಹಾಕಿ ನೋಡಿ ಬರೆಯಬೇಕು, ಅಂದಾಜು ಬೇಡ.